ಕಬ್ಬಿಣದ ನಾದ, ಶಾಸ್ತ್ರದ ಶಿಕ್ಷಣ

1950ನೆಯ ಇಸವಿಯ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಅದಕ್ಕೆ ಎಂಟು ತಿಂಗಳ ಹಿಂದೆ ಕಾಲವಾಗಿದ್ದ ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಬಾಳಿನ ಕೊನೆಗಾಲದಲ್ಲಿ ಬರೆದಿಟ್ಟಿದ್ದ ನಾಲ್ಕು ಗೀತಗಳು ಮೊತ್ತಮೊದಲಿಗೆ ಲೋಕದ ಕಿವಿಗೆ ಬಿದ್ದುವು. ಹಾಡಿದವರು ನಾರ್ವೆ ದೇಶದ ಆಪೆರಾ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಟ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಛೇರಿ ನಡೆಯುವುದಕ್ಕೆ ಧನದ ಹೊಣೆಯನ್ನು ಹೊತ್ತು ನಿಂತವರು ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿ, ಲೋಕದ ಅಲಕ್ಷ್ಯಕ್ಕೆ ಗುರಿಯಾಗಿದ್ದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಿದ್ವಾಂಸರ ಕೃತಿಗಳು ಧ್ವನಿಮುದ್ರಿಕೆಗಳಲ್ಲಿ ಉಳಿದುಬಂದುದೂ ಆ ರಾಜರ ರಸಿಕತೆಯ ಫಲವೇ. ಸ್ಟ್ರಾಸರ ಗೀತಗಳು ಕೇಳಿಬಂದು ಹತ್ತೊಂಬತ್ತು ವರ್ಷಗಳು ಕಳೆದ ಮೇಲೆ, 1969ರ ಸೆಪ್ಟೆಂಬರ್ 24ರಂದು, ಅದೇ ಸಭಾಭವನದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಮುಂದೆ ಉದ್ದಗೂದಲಿನ ಐವರು ತರುಣರು ವಿದ್ಯುತ್ ಗಿಟಾರು, ಆರ್ಗನ್, ಡ್ರಮ್ಮುಗಳೊಡನೆ ಬಂದು ನಿಂತರು. ಅವರ ಮೇಳದ ಹೆಸರು ಡೀಪ್ ಪರ್ಪಲ್. ಆ ಸಂಜೆಗಾಗಿ ಮೂರು ಭಾಗಗಳ ದೀರ್ಘ ಕನ್ಸರ್ಟೊ ಒಂದನ್ನು ಬರೆದಿದ್ದವರು ಆ ಮೇಳದ ಆರ್ಗನ್ ವಾದಕ ಜಾನ್ ಲಾರ್ಡ್. ವಾದ್ಯವೃಂದವನ್ನು ನಡೆಸಿದವರು ಸ್ವತಃ ಸಿಂಫನಿಗಳ ಕರ್ತೃವಾದ ಮಾಲ್ಕಂ ಆರ್ನಾಲ್ಡ್.

ಅಂದಿನಿಂದ ಇಂದಿನವರೆಗೆ, ಸಿಂಫನಿ ಮತ್ತು ಆಪೆರಾಗಳ ಶಾಸ್ತ್ರೀಯ ಪರಂಪರೆಯನ್ನೂ ಹೆವಿ ಮೆಟಲ್ ಎಂದು ಹೆಸರಾದ ಉಗ್ರಸಂಗೀತವನ್ನೂ ಒಂದೇ ಪೀಠದ ಮೇಲೆ ಕುಳ್ಳಿರಿಸುವ ಪ್ರಯತ್ನ ನಿಲ್ಲದೆ ನಡೆದುಬಂದಿದೆ. ಇದನ್ನು ಕೇಳಿ ಮೂಗು ಮುರಿಯುವವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ಶಾಸ್ತ್ರಪಕ್ಷದವರಿಗೆ ಇದು ದೇವಾಲಯದೊಳಗೆ ಕುಲುಮೆಯನ್ನು ತಂದಿಟ್ಟಂತೆ ತೋರುತ್ತದೆ. ಮೆಟಲ್ ಪಕ್ಷದವರಿಗೆ, ತಮ್ಮ ಒರಟು ಸತ್ಯಕ್ಕೆ ರೇಶಿಮೆಯ ಶಾಲು ಹೊದಿಸಿದಂತೆ. ಇವರಿಬ್ಬರ ಅಸಮಾಧಾನದಲ್ಲಿಯೂ ಸತ್ಯದ ಅಂಶವುಂಟು. ಆದರೆ ಈ ಎರಡು ಸಂಗೀತಗಳ ನಡುವೆ ಇರುವುದು ನಿಜವಾದ ರಕ್ತಸಂಬಂಧವೆಂದೂ, ದೋಷವಿರುವುದು ಆ ಸಂಬಂಧವನ್ನು ಬಹುಮಂದಿ ನಡೆಸಿಕೊಂಡ ರೀತಿಯಲ್ಲೆಂದೂ ನಾನು ನಂಬಿದ್ದೇನೆ. ಹಾಡು ಸಿದ್ಧವಾದ ಮೇಲೆ ಎಂಬತ್ತು ಮಂದಿಯ ವಾದ್ಯವೃಂದವನ್ನು ಬಾಡಿಗೆಗೆ ಕರೆಯಿಸಿ ಹಿಂದೆ ಕೂರಿಸಿದ ಮಾತ್ರಕ್ಕೆ ಸಂಯೋಗವಾಗುವುದಿಲ್ಲ. ಶಾಸ್ತ್ರದ ಶಿಕ್ಷಣವು ನುಡಿಸುವವನ ಬೆರಳಿಗೆ, ಹಾಡುವವಳ ಉಸಿರಿಗೆ, ರಚಿಸುವವನ ಕಿವಿಗೆ ಮೊದಲೇ ಇಳಿದಿದ್ದು, ಕೃತಿಯು ಹುಟ್ಟುವಾಗಲೇ ಆ ಶಿಕ್ಷಣದ ಮೇಲೆ ನಿಂತಿದ್ದರೆ ಮಾತ್ರ ಆಗುತ್ತದೆ.

ರಕ್ತಸಂಬಂಧವೆಂದೆನಷ್ಟೆ. ಆಪೆರಾ ಎಂಬುದು ಎಂದೂ ಮಿತಭಾಷಿಯಾದ ಕಲೆಯಾಗಿರಲಿಲ್ಲ. ದೇವತೆಗಳ ಪತನ, ಶಾಪ, ವಿಷಪಾನ, ಉನ್ಮಾದ, ಚಿತಾಪ್ರವೇಶ ಇವೇ ಅದರ ವಸ್ತು. ಇವುಗಳನ್ನು ಮೆಲುದನಿಯಲ್ಲಿ ಹೇಳಲು ಅದಕ್ಕೆ ಮನಸ್ಸೂ ಇರಲಿಲ್ಲ. ರಿಚರ್ಡ್ ವಾಗ್ನರರ 'ದಾಸ್ ರೈನ್‌ಗೋಲ್ಡ್' ಎಂಬ ಆಪೆರಾದಲ್ಲಿ ಪಾತಾಳದ ಕುಬ್ಜರು ಚಿನ್ನವನ್ನು ಬಡಿಯುವ ಸನ್ನಿವೇಶಕ್ಕಾಗಿ ಕಮ್ಮಾರರ 18 ಅಡಿಗಲ್ಲುಗಳನ್ನು ಶ್ರುತಿಗೆ ಕೂಡಿಸಿ ಬಡಿಯಬೇಕೆಂದು ಸ್ವರಪತ್ರದಲ್ಲಿಯೇ ಬರೆದಿದೆ. ಆ ಆಪೆರಾ ಮ್ಯೂನಿಕ್ ನಗರದಲ್ಲಿ ಮೊದಲು ರಂಗವನ್ನೇರಿದ್ದು 1869ರ ಸೆಪ್ಟೆಂಬರ್ 22ರಂದು. ಲಂಡನ್ನಿನಲ್ಲಿ ಡೀಪ್ ಪರ್ಪಲ್ ವಾದ್ಯವೃಂದದ ಮುಂದೆ ನಿಂತ ಸಂಜೆಗೆ ಸರಿಯಾಗಿ ನೂರು ವರ್ಷ ಎರಡು ದಿನಗಳ ಹಿಂದೆ. ಸೋವಿಯತ್ ರಷ್ಯಾದ ಅಲೆಕ್ಸಾಂಡರ್ ಮೊಸೊಲೊವ್ 1920ರ ದಶಕದಲ್ಲಿ ಬರೆದ 'ಐರನ್ ಫೌಂಡ್ರಿ' ಎಂಬ ಕೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಬ್ಬಿಣದ ಎರಕದ ಕಾರ್ಖಾನೆಯ ಮೊರೆತವನ್ನೇ ವಾದ್ಯವೃಂದದ ಬಾಯಿಂದ ಹೊರಡಿಸಿತು. ಅದರಲ್ಲಿ ಲೋಹದ ತಗಡೊಂದನ್ನು ಅಲುಗಿಸಿ ಸದ್ದು ಮಾಡಬೇಕೆಂಬ ವಿಧಿಯೂ ಉಂಟು. ಹೀಗಿರಲು, ಲೋಹಧ್ವನಿಯು ಶಾಸ್ತ್ರೀಯ ಸಂಗೀತಕ್ಕೆ ಹೊರಗಿನಿಂದ ನುಗ್ಗಿದ ಮ್ಲೇಚ್ಛನೆಂದು ಯಾರಾದರೂ ಹೇಳಿದರೆ ಅವರು ತಮ್ಮ ಮನೆಯ ಉಗ್ರಾಣವನ್ನು ಸರಿಯಾಗಿ ನೋಡಿಕೊಂಡಿಲ್ಲವೆಂದೇ ಹೇಳಬೇಕಾಗುತ್ತದೆ.

ಇತ್ತ ಮೆಟಲ್ ಸಂಗೀತದ ಜನನವನ್ನು ನೋಡಿದರೂ ಅದೇ ಸಾಕ್ಷ್ಯ ದೊರೆಯುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಎಡಗೈ ಗಿಟಾರ್ ವಾದಕನ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಯಂತ್ರ ಕತ್ತರಿಸಿತು. ಕರಗಿಸಿದ ಪ್ಲಾಸ್ಟಿಕ್ಕಿನಿಂದ ತಾನೇ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ, ಮುಂದೆ ಶ್ರುತಿಯನ್ನೂ ತಗ್ಗಿಸಿ ಅವರು ಸಾಧಿಸಿದ ಗಡಸು ನಾದವೇ ಬ್ಲ್ಯಾಕ್ ಸ್ಯಾಬತ್ ಮೇಳದ ನಾದವಾಯಿತು. 1970ರ ಫೆಬ್ರವರಿಯಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡು ಹುಟ್ಟಿದ ಬಗೆಯನ್ನು ಗಮನಿಸಬೇಕು. ಮೇಳದ ಬಾಸ್ ವಾದಕ ಗೀಜರ್ ಬಟ್ಲರ್ ಗುಸ್ಟಾವ್ ಹೋಲ್ಸ್ಟರ 'ದಿ ಪ್ಲಾನೆಟ್ಸ್' ಎಂಬ ವಾದ್ಯವೃಂದ ಕೃತಿಯ ಕುಜಗ್ರಹದ ಭಾಗವನ್ನು ಮೆಚ್ಚಿ ತಮ್ಮ ವಾದ್ಯದ ಮೇಲೆ ಬಾರಿಸುತ್ತಿದ್ದುದೇ ಅಯೋಮಿಯವರ ಕೈಯಲ್ಲಿ ಮೂರು ಸ್ವರಗಳ ಆ ಭೀಕರವಾದ ಎತ್ತುಗಡೆಗೆ ಪ್ರೇರಣೆಯಾಯಿತು. ಷಡ್ಜ, ಅದರ ಮೇಲಿನ ತಾರಷಡ್ಜ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿತ: ಇಷ್ಟೇ ಅದರ ಸಾಮಗ್ರಿ. ಕಲ್ಯಾಣಿಯನ್ನೂ ಪಂತುವರಾಳಿಯನ್ನೂ ಕೇಳಿ ಬೆಳೆದ ನಮ್ಮ ಕಿವಿಗೆ ಷಡ್ಜ-ಪ್ರತಿಮಧ್ಯಮಗಳ ನೆಂಟಸ್ತಿಕೆಯಲ್ಲಿ ಹೆದರುವಂಥದೇನೂ ಕಾಣದು. ಯೂರೋಪಿನ ಸ್ವರಮೈತ್ರಿಯ ಶಾಸ್ತ್ರದಲ್ಲಾದರೋ ಆ ಅಂತರವು ಶತಮಾನಗಳ ಕಾಲ ಅಶಾಂತಿಯ, ಅಪಶಕುನದ ಗುರುತಾಗಿ ನಿಂತಿದ್ದಿತು. ಕಾರ್ಖಾನೆಯಲ್ಲಿ ದುಡಿದ ಹುಡುಗನು ಸಂಗೀತಶಾಲೆಯ ಮೆಟ್ಟಿಲನ್ನು ಹತ್ತದೆಯೇ ಆ ಪರಂಪರೆಯ ಭಯವನ್ನು ಉತ್ತರಾಧಿಕಾರವಾಗಿ ಪಡೆದುಕೊಂಡನು.

ಕೆಲವರು ಮೆಟ್ಟಿಲನ್ನೂ ಹತ್ತಿದವರೇ. ರ‍್ಯಾಂಡಿ ರೋಡ್ಸ್ ಎಂಬ ಅಮೆರಿಕದ ಗಿಟಾರ್ ವಾದಕರ ತಾಯಿ ಸಂಗೀತಶಾಲೆಯೊಂದನ್ನು ನಡೆಸುತ್ತಿದ್ದವರು. ಆಜಿ ಆಸ್ಬರ್ನರ ಮೇಳದೊಡನೆ ಊರೂರು ತಿರುಗುತ್ತಿದ್ದಾಗಲೂ ರೋಡ್ಸ್ ಬಿಡುವಾದಲ್ಲಿ ಆ ಊರಿನ ಶಾಸ್ತ್ರೀಯ ಗಿಟಾರಿನ ಅಧ್ಯಾಪಕರನ್ನು ಹುಡುಕಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಸಾವಿರಾರು ಜನ ತನ್ನ ಹೆಸರನ್ನು ಕೂಗುತ್ತಿರುವಾಗ ಅಪರಿಚಿತ ಅಧ್ಯಾಪಕರ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವ ಈ ವಿನಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. 1980ರ 'ಬ್ಲಿಜರ್ಡ್ ಆಫ್ ಆಜ್' ಆಲ್ಬಮ್ಮಿನ ಗದ್ದಲದ ನಡುವೆ, ತಾಯಿಯ ಹೆಸರಿನಲ್ಲಿ ಅವರು ನುಡಿಸಿದ ಒಂದು ನಿಮಿಷಕ್ಕೂ ಕಿರಿದಾದ ಶಾಸ್ತ್ರೀಯ ಗಿಟಾರಿನ ತುಣುಕು, ಮಿಕ್ಕ ಹಾಡುಗಳಲ್ಲಿ ಅವರ ಬೆರಳು ಎಲ್ಲಿಂದ ನಡೆಯಲು ಕಲಿತದ್ದೆಂಬುದನ್ನು ತಿಳಿಸುತ್ತದೆ. 1982ರ ಮಾರ್ಚ್ 19ರಂದು ಫ್ಲಾರಿಡಾದಲ್ಲಿ ಸಣ್ಣ ವಿಮಾನವೊಂದು ಬಿದ್ದು ಅವರು ತೀರಿಕೊಂಡಾಗ ವಯಸ್ಸು 25. ಅವರ ಬಳಿಕ ಸ್ವೀಡನ್ನಿನ ಇಂಗ್ವೇ ಮಾಲ್ಮ್‌ಸ್ಟೀನ್ 1984ರಲ್ಲಿ ಪಗನಿನಿಯ ಪಿಟೀಲಿನ ವೇಗವನ್ನು ಗಿಟಾರಿನ ಮೇಲೆ ತಂದು ಲೋಕವನ್ನು ಬೆರಗುಗೊಳಿಸಿದರು. ಅವರ ಅಚ್ಚುಮೆಚ್ಚಿನ ಸ್ವರಶ್ರೇಣಿಯು ನಮ್ಮ ಕೀರವಾಣಿ ಮೇಳದ ಆರೋಹಣಾವರೋಹಣವೇ ಆದುದರಿಂದ ಕನ್ನಡಿಗರ ಕಿವಿಗೆ ಅದು ಥಟ್ಟನೆ ಪರಿಚಿತವೆನಿಸುತ್ತದೆ. ಅಲ್ಲಿ ವೇಗವೇ ಅನೇಕವೇಳೆ ರಸದ ಸ್ಥಾನವನ್ನು ಆಕ್ರಮಿಸಿತೆಂಬುದು ನನ್ನ ಎಣಿಕೆ. ಅವರನ್ನು ಅನುಕರಿಸಿದವರಲ್ಲಂತೂ ವೇಗವನ್ನುಳಿದು ಬೇರೇನೂ ಉಳಿಯಲಿಲ್ಲ.

ಈಗ ಜಾನ್ ಲಾರ್ಡರ ಕನ್ಸರ್ಟೊವಿನ ಮಾತು. ಅಭ್ಯಾಸದ ಹೊತ್ತಿನಲ್ಲಿ ವಾದ್ಯವೃಂದದ ಕೆಲವರು ತೋರಿದ ತಿರಸ್ಕಾರವನ್ನು ಕಂಡು ಆರ್ನಾಲ್ಡರು ಅವರನ್ನು ಗದರಿಸಬೇಕಾಯಿತೆಂದು ಪ್ರಸಿದ್ಧವಾಗಿದೆ. ಆ ಹಿರಿಯರ ನ್ಯಾಯಬುದ್ಧಿಗೆ ಸಂಗೀತಲೋಕವು ಋಣಿಯಾಗಿರಬೇಕು. ಮರುವರ್ಷವೇ ಸ್ವರಪತ್ರ ಕಳೆದುಹೋಯಿತು. ಸುಮಾರು ಮೂವತ್ತು ವರ್ಷಗಳ ತರುವಾಯ ಮಾರ್ಕೊ ಡಿ ಹೂಯ್ ಎಂಬ ಡಚ್ ರಚನಕಾರರು ಹಳೆಯ ಧ್ವನಿಮುದ್ರಿಕೆಯನ್ನೂ ಚಿತ್ರಮುದ್ರಿಕೆಯನ್ನೂ ಮತ್ತೆ ಮತ್ತೆ ಕೇಳಿ, ನೋಡಿ, ಒಂದೊಂದು ವಾದ್ಯದ ಪಾಲನ್ನೂ ಬರೆದುಕೊಂಡು ಅದಕ್ಕೆ ಪುನರ್ಜನ್ಮ ಕೊಟ್ಟರು. 1999ರಲ್ಲಿ ಲಂಡನ್ ಸಿಂಫನಿ ವಾದ್ಯವೃಂದದೊಡನೆ ಅದು ಅದೇ ಭವನದಲ್ಲಿ ಮತ್ತೆ ಮೊಳಗಿತು. ಇಂಥ ಪ್ರೀತಿಗೆ ಪಾತ್ರವಾದ ಕೃತಿಯನ್ನು ಕುರಿತು ಕಠಿನವಾಗಿ ಮಾತನಾಡಲು ಮನಸ್ಸು ಹಿಂಜರಿಯುತ್ತದೆ. ಆದರೂ ಹೇಳಬೇಕಾದುದನ್ನು ಹೇಳಬೇಕು. ಮೊದಲ ಭಾಗದಲ್ಲಿ ಮೇಳವೂ ವಾದ್ಯವೃಂದವೂ ವಿರೋಧಿಗಳಾಗಿ ಎದುರುಬದುರು ನಿಲ್ಲಬೇಕೆಂಬುದು ರಚನಕಾರರ ಉದ್ದೇಶವೇ ಆಗಿದ್ದರೂ, ಮುಂದಿನ ಭಾಗಗಳಲ್ಲಿ ಬರಬೇಕಾಗಿದ್ದ ಸಂಧಿಯು ಪೂರ್ತಿಯಾಗಿ ಬಾರದೆ, ಒಬ್ಬರು ಮಾತು ಮುಗಿಸುವವರೆಗೆ ಇನ್ನೊಬ್ಬರು ಮರ್ಯಾದೆಯಿಂದ ಕಾದಿರುವ ನೆರೆಹೊರೆಯವರಂತೆಯೇ ಅವರು ಕಡೆಯವರೆಗೂ ಉಳಿದುಬಿಡುತ್ತಾರೆ. ಮೊದಲ ಕಛೇರಿಯಿಂದ ಎರಡು ವರ್ಷ ಕಳೆದು, 1971ರ ಡಿಸೆಂಬರಿನಲ್ಲಿ, ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲೊಂದರ ಮೊಗಸಾಲೆಯಲ್ಲಿ ಅದೇ ಮೇಳದವರು 'ಹೈವೇ ಸ್ಟಾರ್' ಎಂಬ ಹಾಡನ್ನು ಮುದ್ರಿಸಿದಾಗ ಅಲ್ಲಿ ಒಬ್ಬನೇ ಒಬ್ಬ ಪಿಟೀಲುಗಾರನೂ ಇರಲಿಲ್ಲ. ಆದರೆ ಲಾರ್ಡರ ಆರ್ಗನ್ ವಾದನದಲ್ಲಿಯೂ ರಿಚಿ ಬ್ಲ್ಯಾಕ್‌ಮೋರರ ಗಿಟಾರ್ ವಾದನದಲ್ಲಿಯೂ ಬಾಕ್ ಮಹಾಶಯರ ಸ್ವರಗತಿ, ಒಂದು ಮೆಟ್ಟಿಲು ಇನ್ನೊಂದನ್ನು ಅನಿವಾರ್ಯವಾಗಿ ಕರೆಯುವ ಆ ಕ್ರಮ, ಯಾರ ಅಪ್ಪಣೆಯನ್ನೂ ಕೇಳದೆ ಬಂದು ನೆಲಸಿತು. ಐವತ್ತು ನಿಮಿಷದ ಕನ್ಸರ್ಟೊ ಪಡೆಯಲಾರದುದನ್ನು ಆರು ನಿಮಿಷದ ಹಾಡು ಪಡೆಯಿತು.

ಇದೇ ಪಾಠವನ್ನು ಮೂವತ್ತು ವರ್ಷಗಳ ಅನಂತರ ಮೆಟಾಲಿಕಾ ಮೇಳವೂ ಕಲಿಸಿತು. 1999ರ ಏಪ್ರಿಲಿನ ಎರಡು ಸಂಜೆಗಳಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅವರು ಸಾನ್ ಫ್ರಾನ್ಸಿಸ್ಕೊ ಸಿಂಫನಿಯ ಜೊತೆಗೂಡಿ ನುಡಿಸಿದರು. ವಾದ್ಯವೃಂದದ ಪಾಲನ್ನು ಬರೆದು ನಡೆಸಿದವರು ಮೈಕೆಲ್ ಕೇಮನ್. ಹತ್ತು ಹದಿನೈದು ವರ್ಷಗಳಿಂದ ಜನರ ಬಾಯಲ್ಲಿದ್ದು ತಮ್ಮಷ್ಟಕ್ಕೆ ತಾವೇ ಪರಿಪೂರ್ಣವಾಗಿದ್ದ ಹಾಡುಗಳಿಗೆ ಕೇಮನ್ನರು ಎಷ್ಟು ಕುಶಲತೆಯಿಂದ ತಂತಿವಾದ್ಯಗಳನ್ನು ಹೆಣೆದರೂ, ಗಿಟಾರುಗಳು ಮೇಲೆದ್ದೊಡನೆ ಆ ಹೆಣಿಗೆ ಕಾಣದೆ ಮುಳುಗುತ್ತದೆ. ಮುಳುಗಿದುದರಿಂದ ಹಾಡಿಗೆ ನಷ್ಟವೂ ಆಗುವುದಿಲ್ಲ. ತೆಗೆದುಹಾಕಿದರೂ ಕೃತಿಗೆ ನಷ್ಟವಾಗದ ವಾದ್ಯವು ಅಲ್ಲಿ ಏಕೆ ಇರಬೇಕು? ಈ ಒಂದು ಪ್ರಶ್ನೆಗಿಂತ ಉತ್ತಮವಾದ ಒರೆಗಲ್ಲು ನನಗೆ ತಿಳಿದಿಲ್ಲ. ಆ ಸಂಜೆಗಳ ಕಛೇರಿಯಲ್ಲಿ ಈ ಒರೆಗೆ ನಿಲ್ಲುವುವೆಂದರೆ, ಈ ಕೂಟಕ್ಕೆಂದೇ ಹೊಸದಾಗಿ ರಚಿಸಿದ 'ನೋ ಲೀಫ್ ಕ್ಲೋವರ್' ಎಂಬ ಹಾಡು, ಮತ್ತು ಮೊದಲಿನಿಂದಲೂ ಮಾತಿಲ್ಲದೆ ವಾದ್ಯರೂಪವಾಗಿಯೇ ಇದ್ದ 'ದಿ ಕಾಲ್ ಆಫ್ ಕ್ಟುಲು' ಎಂಬ ಕೃತಿ. 2019ರ ಸೆಪ್ಟೆಂಬರಿನಲ್ಲಿ ಆ ಮೇಳವೂ ಸಿಂಫನಿಯೂ ಮತ್ತೊಮ್ಮೆ ಕೂಡಿದಾಗ ಒಂದು ಪ್ರಸಂಗ ನಡೆಯಿತು. ಮೇಳದ ಮೊದಲ ದಿನಗಳ ಬಾಸ್ ವಾದಕ, ಬಾಕರ ಭಕ್ತ, 1986ರಲ್ಲಿ ಸ್ವೀಡನ್ನಿನ ರಸ್ತೆಯಲ್ಲಿ ಬಸ್ಸು ಉರುಳಿ ಮಡಿದ ಕ್ಲಿಫ್ ಬರ್ಟನ್ನರ ಒಂಟಿ ವಾದನವನ್ನು, ಸಿಂಫನಿಯ ಮುಖ್ಯ ಬಾಸ್ ವಾದಕರಾದ ಸ್ಕಾಟ್ ಪಿಂಗಲ್ ವಿದ್ಯುತ್ತಿನ ನಿಲುವು ಬಾಸಿನ ಮೇಲೆ ಕಮಾನನ್ನು ಹಿಡಿದು ನುಡಿಸಿದರು. ನೂರಾರು ವಾದ್ಯಗಳು ಒಟ್ಟಾಗಿ ಸಾಧಿಸಲಾರದ ಐಕ್ಯವನ್ನು ಒಬ್ಬ ಮನುಷ್ಯನ ತೋಳು ಸಾಧಿಸಿತು. ಎರಡೂ ವಿದ್ಯೆಗಳು ಆ ತೋಳಿನಲ್ಲಿಯೇ ಇದ್ದುವು. ಅದೇ ಕಛೇರಿಯಲ್ಲಿ ಮೊಸೊಲೊವರ ಎರಕದ ಕಾರ್ಖಾನೆಯನ್ನೂ ನುಡಿಸಿದರೆಂಬುದು ಆಯೋಜಕರ ವಿವೇಕಕ್ಕೆ ಸಾಕ್ಷಿ.

ವಾದ್ಯಗಳ ಜಗಳವನ್ನು ಹೇಗೋ ತೀರಿಸಬಹುದು. ಕಂಠದ ಪ್ರಶ್ನೆ ಅದಕ್ಕಿಂತ ಗಹನವಾದುದು. ಆಪೆರಾ ಗಾಯನವು ಮೈಕ್ರೋಫೋನಿನ ಹಂಗಿಲ್ಲದೆ, ಎಂಬತ್ತು ನೂರು ವಾದ್ಯಗಳ ನಾದಪ್ರವಾಹವನ್ನು ದಾಟಿ, ಹಿಂದಿನ ಸಾಲಿನ ಕಡೆಯ ಪೀಠದವರೆಗೆ ತಲಪುವುದಕ್ಕಾಗಿ ಶತಮಾನಗಳ ಪರಿಶ್ರಮದಿಂದ ರೂಪುಗೊಂಡ ವಿದ್ಯೆ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಇದರ ಗುಟ್ಟನ್ನು ಅಳೆದು ತೋರಿಸಿದ್ದಾರೆ. ವಾದ್ಯವೃಂದದ ಶಕ್ತಿಯ ಬಹುಪಾಲು ಸೆಕೆಂಡಿಗೆ ಸುಮಾರು 500 ಕಂಪನಗಳ ಆಸುಪಾಸಿನಲ್ಲಿದ್ದು ಮೇಲಕ್ಕೆ ಹೋದಂತೆ ಕ್ಷೀಣಿಸುತ್ತದೆ. ಶಿಕ್ಷಿತನಾದ ಗಂಡುಗಾಯಕನು ತನ್ನ ಗಂಟಲಿನ ಕೆಳಭಾಗವನ್ನು ವಿಶೇಷವಾಗಿ ಅಣಿಗೊಳಿಸಿ ಸುಮಾರು 3000 ಕಂಪನಗಳ ಬಳಿ, ಅಂದರೆ ವಾದ್ಯಗಳು ಬಡವಾಗಿರುವೆಡೆಯಲ್ಲಿ, ತನ್ನ ದನಿಯನ್ನು ಸಾಂದ್ರಗೊಳಿಸುತ್ತಾನೆ. ಸೊಪ್ರಾನೊ ಗಾಯಕಿಯ ಉಪಾಯ ಬೇರೆ: ಸ್ವರ ಮೇಲೇರಿದಂತೆಲ್ಲ ದವಡೆಯನ್ನು ತೆರೆದು, ಬಾಯೊಳಗಿನ ಅನುರಣನವನ್ನು ಆ ಸ್ವರಕ್ಕೇ ಹೊಂದಿಸಿಕೊಂಡು ಆಕೆ ಗೆಲ್ಲುತ್ತಾಳೆ. ವಾಗ್ನರರಂಥ ವಾದ್ಯಪ್ರಿಯರೂ 1876ರಲ್ಲಿ ಬೈರಾಯ್ಟಿನಲ್ಲಿ ತಮ್ಮ ನಾಟಕಶಾಲೆಯನ್ನು ತೆರೆದಾಗ ವಾದ್ಯವೃಂದವನ್ನು ರಂಗದಡಿಯ ಗುಂಡಿಯಲ್ಲಿಳಿಸಿ ಮೇಲೆ ಮರೆಕಟ್ಟಿದುದರಿಂದ ಗಾಯಕರಿಗಾದ ಉಪಕಾರ ಅಷ್ಟಿಷ್ಟಲ್ಲ. ಈಗ ಇದಕ್ಕೆದುರಾಗಿ ಮೆಟಲ್ ಗಿಟಾರನ್ನು ನಿಲ್ಲಿಸಿ ನೋಡಿರಿ. ತಂತಿಯ ಸಂಜ್ಞೆಯನ್ನು ಯಂತ್ರವು ತಾಳಲಾರದಷ್ಟು ಹಿಗ್ಗಿಸಿ ಅದರ ತಲೆಯನ್ನು ಕತ್ತರಿಸುವುದರಿಂದ ಹುಟ್ಟುವ ಆ ವಿಕೃತನಾದವು ಲೆಕ್ಕವಿಲ್ಲದ ಮೇಲುಸ್ವರಗಳನ್ನು ಹೆತ್ತು, ತಗ್ಗಿನಿಂದ ಹಿಡಿದು 4000, 5000 ಕಂಪನಗಳವರೆಗೆ ಎಲ್ಲ ಜಾಗವನ್ನೂ ತುಂಬಿಬಿಡುತ್ತದೆ. ಯಾವ ಖಾಲಿ ಕಿಂಡಿಯನ್ನು ನಂಬಿ ಆಪೆರಾ ಕಂಠವು ಬೆಳೆದುಬಂದಿತೋ ಆ ಕಿಂಡಿಯನ್ನೇ ಅದು ಮುಚ್ಚುತ್ತದೆ. ಮೈಕ್ರೋಫೋನು ಬಂದು ಗಾಯಕಿಯನ್ನು ಉಳಿಸುತ್ತದೆ, ನಿಜ. ಉಳಿಸಿದ ಮೇಲೆ, ದೂರಕ್ಕೆ ಮುಟ್ಟಿಸುವ ಆ ವಿದ್ಯೆಯ ಅಗತ್ಯವೇನುಳಿಯಿತೆಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಉತ್ತರವು ಫಿನ್‌ಲೆಂಡಿನಿಂದ ಬಂದಿತು. 1996ರಲ್ಲಿ ಕಿಟೀ ಎಂಬ ಸಣ್ಣ ಊರಿನ ತುವೊಮಾಸ್ ಹೊಲೊಪೈನೆನ್ ಎಂಬ ತರುಣನು, ಬೆಂಕಿಯ ಸುತ್ತ ಕುಳಿತು ಹಾಡುವಂಥ ಸೌಮ್ಯವಾದ ಸಂಗೀತವನ್ನು ಕಟ್ಟಬೇಕೆಂಬ ಇಚ್ಛೆಯಿಂದ, ಶಾಸ್ತ್ರೀಯ ಗಾಯನದ ವಿದ್ಯಾರ್ಥಿನಿಯಾಗಿದ್ದ ತಾರ್ಯ ತುರುನೆನ್ ಅವರನ್ನು ಕರೆದನು. ಕಂಠದ ಗಾಂಭೀರ್ಯವನ್ನು ಕೇಳಿದ ಮೇಲೆ, ಆ ಮೆದುವಾದ ಪಕ್ಕವಾದ್ಯ ಅದನ್ನು ಹೊರಲಾರದೆಂದು ಕಂಡು, ಕಂಠಕ್ಕೆ ಸರಿಸಮವಾಗಲೆಂದು ವಿದ್ಯುತ್ ಗಿಟಾರನ್ನೂ ಡ್ರಮ್ಮನ್ನೂ ತಂದರು. ನೈಟ್‌ವಿಶ್ ಮೇಳ ಹುಟ್ಟಿತು. ಮೆಟಲ್ಲಿಗೆ ಅಲಂಕಾರವಾಗಿ ಆಪೆರಾ ಬರಲಿಲ್ಲ. ಆಪೆರಾ ಕಂಠವೇ ಮೆಟಲ್ಲನ್ನು ಕರೆಯಿಸಿಕೊಂಡಿತು. 1998ರ 'ಓಷನ್‌ಬಾರ್ನ್' ಆಲ್ಬಮ್ಮನ್ನು ಕೇಳಿದವರಿಗೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಕೆಳಗೆ ಡ್ರಮ್ ವಾದಕನ ಎರಡು ಕಾಲುಗಳೂ ದ್ರುತಗತಿಯಲ್ಲಿ ಓಡುತ್ತಿರುವಾಗ, ಮೇಲೆ ಆ ಹೆಂಗಸಿನ ದನಿಯು ಒಂದು ಸ್ವರದಿಂದ ಇನ್ನೊಂದಕ್ಕೆ ಉಸಿರು ಕಡಿಯದೆ ವಿಳಂಬವಾಗಿ ಸಾಗುತ್ತದೆ. ಒಂದೇ ಹಾಡಿನಲ್ಲಿ ಎರಡು ಕಾಲಗಳು ನಡೆಯುತ್ತವೆ. ದೂರಕ್ಕೆ ಮುಟ್ಟಿಸುವ ಶಕ್ತಿಯನ್ನು ಯಂತ್ರವು ಕೊಡಬಲ್ಲುದು. ಆ ದೀರ್ಘವಾದ ಉಸಿರನ್ನು ಕೊಡಲಾರದು. ಆಪೆರಾ ಶಿಕ್ಷಣದಿಂದ ಮೆಟಲ್ಲಿಗೆ ದೊರೆತ ನಿಜವಾದ ಲಾಭ ಇದು. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ ಮೇಳದವರು 1987ರಲ್ಲಿಯೇ ಈ ದಾರಿಯನ್ನು ಅರಸಿದ್ದರು. ಸ್ವೀಡನ್ನಿನ ಥೆರಿಯಾನ್ ಮೇಳವು 1996ರಿಂದೀಚೆಗೆ ಒಬ್ಬ ನಾಯಕ ಗಾಯಕನ ಬದಲಾಗಿ ವೃಂದಗಾನವನ್ನೇ ಮುಂದಿಟ್ಟು, 2007ರಲ್ಲಿ ಹಂಗೆರಿಯ ಮಿಷ್ಕೊಲ್ಟ್ಸ್ ನಗರದ ಆಪೆರಾ ಉತ್ಸವದಲ್ಲಿ ವೆರ್ಡಿ, ವಾಗ್ನರರ ಕೃತಿಗಳ ಪಕ್ಕದಲ್ಲಿ ತನ್ನ ಕೃತಿಗಳನ್ನು ನುಡಿಸುವಷ್ಟು ದೂರ ನಡೆಯಿತು. ಆದರೆ ಕಂಠಕ್ಕೂ ಕಬ್ಬಿಣಕ್ಕೂ ಇರುವ ನಂಟನ್ನು ಕಿಟೀ ಊರಿನವರಷ್ಟು ಸರಳವಾಗಿ ಯಾರೂ ತೋರಿಸಲಿಲ್ಲ. 2005ರ ಅಕ್ಟೋಬರಿನಲ್ಲಿ, ಹೆಲ್ಸಿಂಕಿಯ ಮಹಾಕಛೇರಿ ಮುಗಿದ ರಾತ್ರಿ, ನೈಟ್‌ವಿಶ್ ಮೇಳದವರು ಬಹಿರಂಗಪತ್ರವೊಂದರ ಮೂಲಕ ತುರುನೆನ್ ಅವರನ್ನು ಬೀಳ್ಕೊಟ್ಟುದು ಇಂದಿಗೂ ನನಗೆ ಸಂಕಟದ ವಿಷಯ.

ಅದೇ ಮೇಳದ 2004ರ 'ಗೋಸ್ಟ್ ಲವ್ ಸ್ಕೋರ್' ಎಂಬ ಹತ್ತು ನಿಮಿಷದ ರಚನೆಯಲ್ಲಿ ಇನ್ನೊಂದು ವಿವೇಕವೂ ಕಾಣುತ್ತದೆ: ಗಿಟಾರು ಮೌನವಾಗಬೇಕಾದೆಡೆಯಲ್ಲಿ ಮೌನವಾಗುತ್ತದೆ. ಕರಾವಳಿಯ ಯಕ್ಷಗಾನದಲ್ಲಿ ಭಾಗವತರು ಕರುಣರಸದ ಪದವನ್ನು ಎತ್ತಿಕೊಂಡಾಗ ಚೆಂಡೆ ಸುಮ್ಮನಿದ್ದು ಮದ್ದಳೆಯೊಂದೇ ಜೊತೆಗೂಡುವುದನ್ನೂ, ಯುದ್ಧದ ಸಂದರ್ಭ ಬಂದೊಡನೆ ಚೆಂಡೆ ಮೈದುಂಬಿ ಏಳುವುದನ್ನೂ ಕಂಡವರಿಗೆ ಈ ಸಂಯಮದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಚೆಂಡೆಯು ಇಡೀ ರಾತ್ರಿ ಎಡೆಬಿಡದೆ ಮೊಳಗಿದರೆ ಯುದ್ಧವೂ ಯುದ್ಧದಂತೆ ಕೇಳಿಸದು. ಸಿಂಫನಿಕ್ ಮೆಟಲ್ ಎಂದು ಇಂದು ಹೊರಬರುತ್ತಿರುವ ಧ್ವನಿಮುದ್ರಿಕೆಗಳಲ್ಲಿ ಬಹುಪಾಲಿನ ರೋಗ ಇದೇ: ವೃಂದಗಾನ, ತುತ್ತೂರಿ, ಗಿಟಾರು, ಡ್ರಮ್ಮು ಎಲ್ಲವೂ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ತಾರಕದಲ್ಲಿಯೇ ಇರುತ್ತವೆ.

ವಾದ್ಯಕ್ಕೆ ಅರ್ಥವಿದ್ದಾಗ ಅದು ಒಂಟಿಯಾಗಿದ್ದರೂ ಸಾಕೆಂಬುದಕ್ಕೆ ಸೆಲ್ಲೋವಿನಿಂದಲೇ ಎರಡು ನಿದರ್ಶನಗಳನ್ನು ಕೊಡಬಹುದು. ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯ ನಾಲ್ವರು ವಿದ್ಯಾರ್ಥಿಗಳು ಅಪೊಕ್ಯಾಲಿಪ್ಟಿಕಾ ಎಂಬ ಹೆಸರಿನಿಂದ 1996ರಲ್ಲಿ ಮೆಟಾಲಿಕಾ ಮೇಳದ ಹಾಡುಗಳನ್ನು ನಾಲ್ಕು ಸೆಲ್ಲೋಗಳ ಮೇಲೆ ನುಡಿಸಿ ಮುದ್ರಿಸಿದರು. ಗಿಟಾರಿಲ್ಲ, ಡ್ರಮ್ಮಿಲ್ಲ, ಹಾಡುವವರಿಲ್ಲ. ರಾಳ ಬಳಿದ ಕಮಾನು ದಪ್ಪತಂತಿಯನ್ನು ಒತ್ತಿ ಉಜ್ಜಿದಾಗ ಹೊರಡುವ ಗೊಗ್ಗರುದನಿಯು ಆ ಹಾಡುಗಳಿಗೆ ಮೊದಲಿನಿಂದಲೂ ಸ್ವಂತವಾಗಿದ್ದಂತೆ ಒಪ್ಪಿತು. ಎರಡನೆಯ ನಿದರ್ಶನದ ಹಿಂದೆ ರಕ್ತವಿದೆ. 1992ರ ಮೇ 27ರಂದು ಮುತ್ತಿಗೆಗೆ ಸಿಕ್ಕಿದ್ದ ಸಾರಯೇವೊ ನಗರದಲ್ಲಿ, ರೊಟ್ಟಿಗಾಗಿ ಸಾಲು ನಿಂತಿದ್ದ ಜನರ ಮೇಲೆ ಗುಂಡು ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ನಗರದ ಆಪೆರಾ ವಾದ್ಯವೃಂದದಲ್ಲಿ ಸೆಲ್ಲೋ ನುಡಿಸುತ್ತಿದ್ದ ವೆದ್ರಾನ್ ಸ್ಮಾಯ್ಲೊವಿಚ್, ಕಛೇರಿಯ ಕರಿಯ ಉಡುಪನ್ನು ತೊಟ್ಟು, ಆ ಸ್ಥಳಕ್ಕೆ ದಿನದಿನವೂ ಬಂದು ಕುಳಿತು ನುಡಿಸಿದರು. ಇದನ್ನು ಕೇಳಿ ಮನಸ್ಸು ಕಲಕಿದ ಅಮೆರಿಕದ ಸಾವಟಾಜ್ ಮೇಳದವರು 1995ರಲ್ಲಿ ಆ ಯುದ್ಧವನ್ನು ಕುರಿತ ಒಂದು ಇಡಿಯ ಆಲ್ಬಮ್ಮನ್ನೇ ರಚಿಸಿ, ಅದರಲ್ಲಿ ಉಕ್ರೇನಿನ ಮಿಕೊಲಾ ಲೆಯೊಂಟೊವಿಚರ ಹಬ್ಬದ ಹಾಡಿನ ಧಾಟಿಯನ್ನು ಗಿಟಾರುಗಳ ಆರ್ಭಟದೊಳಕ್ಕೆ ತಂದರು. ಆ ಕಥೆಯಲ್ಲಿ ಫಿರಂಗಿಯೂ ಇದೆ, ಸೆಲ್ಲೋವೂ ಇದೆ. ಅದನ್ನು ಹೇಳಲು ಹೊರಟವರಿಗೆ ಎರಡೂ ನಾದಗಳು ಬೇಕೇಬೇಕಾಗಿದ್ದುವು.

ನಮ್ಮ ನಾಡಿನಲ್ಲಿಯೂ ಈ ಮಾತಿಗೆ ಪ್ರಸಕ್ತಿಯುಂಟು. ಸ್ಟ್ರಾಸರ ಗೀತಗಳನ್ನು ಪೋಷಿಸಿದ ಅರಸುಮನೆತನದ ಬೆಂಗಳೂರು ಅರಮನೆಯ ಮೈದಾನದಲ್ಲಿಯೇ 2007ರ ಮಾರ್ಚಿನಲ್ಲಿ ಐರನ್ ಮೇಡನ್ ಮೇಳವೂ, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಮೇಳವೂ ಕಛೇರಿ ನಡೆಸಿದುವು. ಅಂಥ ಕಛೇರಿಗಳ ಕಾಲದಲ್ಲಿ ಬೆಳೆದ ಬೆಂಗಳೂರಿನ ತರುಣರಲ್ಲಿ ಅನೇಕರು ಇಂದು ಕರ್ಣಾಟಕ ಸಂಗೀತದ ಕೃತಿಗಳಿಗೆ ವಿದ್ಯುತ್ ಗಿಟಾರನ್ನು ಕೂಡಿಸುತ್ತಿದ್ದಾರೆ. ಅಗಂ ಮೇಳದ ಹೆಸರು ನಾಡಿನ ಹೊರಗೂ ಪ್ರಸಿದ್ಧವಾಗಿದೆ. ಅವರ ಸಾಹಸವನ್ನು ನಾನು ಆದರಿಸುತ್ತೇನೆ. ವಿಕೃತನಾದದ ಗಿಟಾರಿನ ಸ್ವರವು ಬಹುಹೊತ್ತು ನಿಲ್ಲುವುದರಿಂದ, ತಂತಿಯನ್ನು ಎಳೆದು ಗಮಕವನ್ನು ಹಿಡಿಯುವುದಕ್ಕೆ ಅದು ಬಲು ಅನುಕೂಲವಾದ ವಾದ್ಯ. ತೊಡಕಿರುವುದು ಬೇರೆ ಕಡೆ. ಮೆಟಲ್ಲಿನ ಗಿಟಾರು ಒಂದು ಸ್ವರವನ್ನು ಅದರ ಪಂಚಮದೊಡನೆ ಜೋಡಿಯಾಗಿ ಬಾರಿಸುತ್ತದೆ. ಆ ವಿಕೃತಿಯಲ್ಲಿ ಗಾಂಧಾರವನ್ನು ಸೇರಿಸಿದರೆ ನಾದ ಕಲಕಿ ಕೆಸರಾಗುವುದರಿಂದಲೂ, ಪಂಚಮವನ್ನು ಸೇರಿಸಿದರೆ ಕೆಳಗಿನ ಸ್ಥಾಯಿಯ ಮೂಲಸ್ವರವು ತಾನಾಗಿ ಹುಟ್ಟಿ ಘನತೆ ಬರುವುದರಿಂದಲೂ ಈ ರೂಢಿ ನಿಂತಿದೆ. ಈಗ ಹಿಂದೋಳರಾಗವನ್ನು ತೆಗೆದುಕೊಳ್ಳಿರಿ. ಅದಕ್ಕೆ ಪಂಚಮ ವರ್ಜ್ಯ. ಗಾಂಧಾರ, ಮಧ್ಯಮ, ಧೈವತ, ನಿಷಾದಗಳ ಮೇಲೆ ಈ ಜೋಡಿಯನ್ನು ಬಾರಿಸಿದರೆ ಎರಡನೆಯ ಸ್ವರವು ರಾಗದೊಳಗೇ ದೊರಕುತ್ತದೆ. ಷಡ್ಜದ ಮೇಲೆ ಬಾರಿಸಿದರೆ ಮಾತ್ರ, ರಾಗವು ಯಾವುದನ್ನು ಹೊರಗಿಟ್ಟಿದೆಯೋ ಆ ಪಂಚಮವೇ ಒಳಕ್ಕೆ ನುಗ್ಗುತ್ತದೆ. ಎಲ್ಲಿ ರಾಗ ಬಂದು ವಿಶ್ರಮಿಸಬೇಕೋ ಅಲ್ಲಿಯೇ ಅಪಸ್ವರ! ಇದನ್ನು ಅರಿತ ಗಿಟಾರ್ ವಾದಕನು ಷಡ್ಜದಲ್ಲಿ ಜೋಡಿಯನ್ನು ಬಿಟ್ಟು ಒಂಟಿಸ್ವರವನ್ನು ಬಾರಿಸುತ್ತಾನೆ, ಇಲ್ಲವೆ ಮಧ್ಯಮವನ್ನು ಆಧಾರವಾಗಿಟ್ಟು ಷಡ್ಜವನ್ನು ಅದರ ಪಂಚಮವಾಗಿ ಕೇಳಿಸುತ್ತಾನೆ. ಅರಿಯದವನು ರಾಗವನ್ನು ಗಾಯಕರಿಗೆ ಒಪ್ಪಿಸಿ, ತಾನು ಅಭ್ಯಾಸಬಲದಿಂದ ಬಡಿಯುತ್ತ ಹೋಗುತ್ತಾನೆ. ಬೆಂಗಳೂರಿನ ಎಳೆಯ ಮೇಳಗಳಲ್ಲಿ ಈ ಎರಡು ಬಗೆಯವರೂ ಇದ್ದಾರೆ. ವರ್ಷದಿಂದ ವರ್ಷಕ್ಕೆ ಮೊದಲ ಬಗೆಯವರು ಹೆಚ್ಚುತ್ತಿರುವಂತೆ ನನ್ನ ಕಿವಿಗೆ ತೋರುವುದರಿಂದಲೇ ಇಷ್ಟು ವಿಸ್ತರಿಸಿ ಬರೆಯುವ ಉತ್ಸಾಹ ಉಂಟಾಗಿದೆ.

ಕಡೆಯದಾಗಿ ಹಣದ ವಿಚಾರ. ಎಂಬತ್ತು ಮಂದಿಗೆ ಸಂಬಳ ಕೊಟ್ಟು ಅಭ್ಯಾಸ ಮಾಡಿಸುವುದು ಎಲ್ಲ ಮೇಳಗಳಿಗೂ ಸಾಧ್ಯವಿಲ್ಲ. ಆದುದರಿಂದ ಇಂದು ಬಹುಮಂದಿ ವಾದ್ಯಗಳ ಬಿಡಿಸ್ವರಗಳನ್ನು ಮೊದಲೇ ಮುದ್ರಿಸಿಟ್ಟ ಸಂಗ್ರಹವನ್ನು ಕೊಂಡು, ಕಂಪ್ಯೂಟರಿನಲ್ಲಿ ವಾದ್ಯವೃಂದವನ್ನು ಜೋಡಿಸಿ, ಕಛೇರಿಯಲ್ಲಿ ಅದನ್ನು ಹಿನ್ನೆಲೆಯಿಂದ ಕೇಳಿಸುತ್ತಾರೆ. ಬಡತನವನ್ನು ನಾನು ಹಳಿಯುವುದಿಲ್ಲ. ಆದರೆ ಆ ಹಣದಲ್ಲಿಯೇ ಒಬ್ಬ ಸೆಲ್ಲೋ ವಾದಕನನ್ನೋ ಇಬ್ಬರು ಪಿಟೀಲುಗಾರರನ್ನೋ ಹಾಡು ಇನ್ನೂ ಹುಟ್ಟದಿರುವಾಗಲೇ ಅಭ್ಯಾಸದ ಕೊಠಡಿಗೆ ಕರೆತಂದು, ಗಿಟಾರ್ ವಾದಕನ ಪಕ್ಕದಲ್ಲಿ ಕುಳ್ಳಿರಿಸಿ, ಅವನ ಎತ್ತುಗಡೆ ತಮಗೆ ಒಗ್ಗದಿದ್ದರೆ ಬೇಡವೆನ್ನುವ ಅಧಿಕಾರವನ್ನು ಅವರಿಗೆ ಕೊಟ್ಟು ನೋಡಲಿ. ಅಂಥ ಹಾಡಿನಿಂದ ಆ ಸೆಲ್ಲೋವನ್ನು ತೆಗೆದುಹಾಕಲು ಆಮೇಲೆ ಯಾರಿಂದಲೂ ಆಗದು.